ಐದನೆಯ ಸುತ್ತು

ಕರಟದ ಹೊಗೆ ಅಂಗಿಯನ್ನು ಇನ್ನೂ ಬಿಟ್ಟಿಲ್ಲ, ಎರಡು ಸಲ ಸೋಪು ಹಾಕಿ ತಿಕ್ಕಿದೆ, ಆದರೂ ನದಿಯ ಗಾಳಿ ಬೀಸಿದಾಗೆಲ್ಲ ಮೂಗಿಗೆ ಅದೇ, ಸುಟ್ಟ ಕರಟ, ತುಪ್ಪ, ತೊಡೆಯ ಮೇಲಿನ ಡಬ್ಬಿಯಿಂದ ಬರುತ್ತಿದೆಯೋ ನನ್ನಿಂದಲೇ ಬರುತ್ತಿದೆಯೋ — ಫೆರ್ರಿ ದಡ ಬಿಟ್ಟಿತು, ಡಬ್ಬಿ ಅಲುಗಿತು, ಎರಡೂ ಕೈಯಲ್ಲಿ ಅವುಚಿಕೊಂಡೆ. ಏನೋ ಮಿಂಗೆಲ್, ಒಳಗೆ ಕೂಸು ಮಲಗಿದೆಯೇನೋ — ಇದು ಭಾವ ಬೆನಿಟೊ, ಅವನಿಗೆ ಎಲ್ಲವೂ ತಮಾಷೆ, ಒಂದು ಗುದ್ದು ಕೊಟ್ಟರೆ ನೀರಿಗೆ ಬೀಳುತ್ತಾನೆ, ಬೀಳಲಿ, ಆದರೆ ಮಾಯ್, ನಮ್ಮಮ್ಮ, ನೋಡುತ್ತಿದ್ದಾಳೆ, ಗಾಲಿಕುರ್ಚಿಯಲ್ಲಿ ಕೂತು, ಬಲಗೈ ಮಡಿಲಲ್ಲಿ ಯಾರೋ ಇಟ್ಟು ಮರೆತುಹೋದ ಸಾಮಾನಿನ ಹಾಗೆ. ಅಂಗಡೀಲಿ ತರ್ತಿದ್ದೆ ಕಣೋ, ಚೆಂದದ ಡಬ್ಬಿ, ರಿಬ್ಬನ್ನು, ನೀನ್ಯಾಕೆ ನಿನ್ನೆಯಿಡೀ ಒಲೆ ಮುಂದೆ ಬೆಂದೆ — ಅಕ್ಕ ಎರ್ಮೆಲಿಂದಾ, ಟೀಚರು, ಅವಳ ಹತ್ತಿರ ಎಲ್ಲದಕ್ಕೂ ನೋಟುಬುಕ್ಕಿದೆ, ಮಾಯ್ ಮಾಡುತ್ತಿದ್ದ ಈ ಪದರದ ಸಿಹಿ ಬೆಬಿಂಕಕ್ಕೂ, ಇಷ್ಟು ತೆಂಗಿನ ಹಾಲು, ಇಷ್ಟು ಮೊಟ್ಟೆಯ ಹಳದಿ, ಪದರಕ್ಕೆ ಹನ್ನೆರಡು ನಿಮಿಷ, ಏಳು ಪದರ, ಅಡಿಗೆರೆ ಎಳೆದು ಬರೆದಿದ್ದಾಳೆ. ಈಸ್ಟರಿಗೆ ಹಾಗೇ ಮಾಡಿದಳು, ಕರೆಂಟಿನ ಓವನ್ನಿನಲ್ಲಿ, ಗೋಡೆಗೆ ಮೆತ್ತುವ ಗಾರೆಯಂತಾಯಿತು, ಮಾಯ್ ಒಂದು ತುತ್ತು ಬಾಯಿಗಿಟ್ಟು ಮುಖ ತಿರುಗಿಸಿದಳು, ಆಮೇಲೆ ಸಿಹಿ ಅಂದರೆ ಬಾಯಿಯೇ ತೆರೆಯುವುದಿಲ್ಲ. ಇವತ್ತು ತೆರೆಯಬೇಕು. ನನ್ನ ಕೈಯಿಂದ ತೆರೆಯಬೇಕು, ಅಷ್ಟೆ, ಬೇರೇನೂ ಬೇಡ ನನಗೆ. ಮಾಯ್‌ಗೆ ಯಾವತ್ತು ಗಡಿಯಾರ ನೋಡಲು ಬಂದಿತ್ತು, ಯಾವತ್ತು ಓದಲು ಬಂದಿತ್ತು, ಅವಳ ನಿಮಿಷವೆಲ್ಲ ಕ್ರೋಶಾ ಕಡ್ಡಿಯಲ್ಲಿ — ಒಂದು ಪದರ ಹುಯ್ಯುವುದು, ಮುಚ್ಚಳದ ಮೇಲೆ ಕರಟದ ಕೆಂಡ, ಪಕ್ಕದಲ್ಲಿ ಕೂತು ದುಂಡನೆಯ ಮೇಜುಹಾಸಿನ ನಡುವಿನಿಂದ ಒಂದು ಸುತ್ತು ಹೆಣೆಯುವುದು, ಸುತ್ತು ಮುಗಿದರೆ ಪದರ ಬೆಂದಿತು. ಮೊದಲ ಸುತ್ತು ಸಣ್ಣದು, ಕೆಂಡ ಜೋರು. ಬರಬರುತ್ತಾ ಸುತ್ತು ದೊಡ್ಡದು, ಕೆಂಡ ಸೋತಿರುತ್ತದೆ, ಹೆಚ್ಚು ಹೊತ್ತು ಬೇಕು, ಆ ಹೊತ್ತು ಸುತ್ತಿನಲ್ಲೇ ಇರುತ್ತದೆ. ಏಳು ಸುತ್ತಿಗೆ ಹಾಸೂ ಮುಗಿಯಿತು, ಬೆಬಿಂಕವೂ ಮುಗಿಯಿತು. ಇದನ್ನು ಯಾವ ನೋಟುಬುಕ್ಕಿನಲ್ಲಿ ಬರೆಯುತ್ತೀಯೇ ಅಕ್ಕಾ.

ಮಾಮಾ ಇದು ಓದು, ಇದು ಓದು — ಅಕ್ಕನ ಮಗಳು ಜೊವಿತಾ, ಆಮೆಯ ಚಿತ್ರವಿರುವ ಪುಸ್ತಕವನ್ನು ಡಬ್ಬಿಯ ಮೇಲೇ ಇಡುತ್ತಾಳೆ, ನೀನೇ ಓದೇ, ನಂಗೆ ಗಾಳಿಗೆ ಕಣ್ಣು ಉರೀತಿದೆ. ಓದುತ್ತಾಳೆ, ನೀರಿನ ಹಾಗೆ. ಏಳನೇ ಕ್ಲಾಸಿನಲ್ಲಿ ನನ್ನನ್ನು ನಿಲ್ಲಿಸಿ ಓದು ಅಂದಾಗ ಅಕ್ಷರಗಳು ಇರುವೆ ಸಾಲಿನಂತೆ ಚೆದುರಿದವು, ಇಡೀ ಕ್ಲಾಸು ನಕ್ಕಿತು, ಪುಸ್ತಕ ಕಿಟಕಿಯಿಂದ ಎಸೆದು ನೇರ ಅಪ್ಪನ ಬ್ರೆಡ್ಡಿನ ಭಟ್ಟಿಗೆ ನಡೆದೆ, ಆವತ್ತಿನಿಂದ ಪಾವು ಸುಡುತ್ತಿದ್ದೇನೆ, ಅಪ್ಪ ಹೋದ ಮೇಲೂ, ಸೈಕಲ್ಲು, ಪೋಂ ಪೋಂ ಹಾರನ್ನು, ಊರಿಗೆಲ್ಲ ನಾನೇ ಬೆಳಗು. ಆದರೆ ನಿನ್ನೆ ನಾನೂ ಓದಿದೆ. ಮಾಯ್‌ಯ ಹಾಸನ್ನು ಹರಡಿಕೊಂಡು, ಜಪಮಾಲೆಯ ಮಣಿ ಎಣಿಸಿದ ಹಾಗೆ ಬೆರಳಿನಿಂದ, ಒಂದು ಹೆಣಿಗೆಗೆ ಅವಳ ಒಂದು ಉಸಿರು, ಒಂದನೆ ಸುತ್ತು ಓದಿ ಎರಡನೆ ಪದರ ಹುಯ್ದೆ, ಎರಡನೆಯದು, ಮೂರನೆಯದು, ನಾಲ್ಕನೆಯದು, ಒಂದೂ ತಪ್ಪಲಿಲ್ಲ, ಚಿನ್ನದ ಬಣ್ಣ. ಐದನೆಯ ಸುತ್ತು ಅರ್ಧಕ್ಕೇ ನಿಂತಿದೆ. ಕಡ್ಡಿ ಅಲ್ಲೇ ಸಿಕ್ಕಿಕೊಂಡಿದೆ, ಕಡ್ಡಿಯ ಮೂತಿಗೆ ಒಂದು ಕುಣಿಕೆ, ಕುಣಿಕೆಯಿಂದ ನೇತಾಡುವ ದಾರ.

ಹೋದ ಕ್ರಿಸ್ಮಸ್ಸಿನ ಹಿಂದಿನ ದಿನ, ಮಧ್ಯಾಹ್ನ, ಭಟ್ಟಿಯ ಮುಂದೆ ಪಾವಿನ ಹಲಗೆಗಳು ಸಾಲಾಗಿ ಕಾದಿವೆ, ಹಿಟ್ಟು ಉಬ್ಬಿ ಇಳಿಯುತ್ತಿದೆ, ಎಷ್ಟು ಹೊತ್ತು ಮಾಯ್, ನಿನ್ನ ದಾರವೇನು ಬೇಯಿಸುತ್ತದಾ ಇದನ್ನ, ಹುಯ್ದು ಮುಗಿಸು, ಜಾಗ ಬಿಡು ನಂಗೆ — ತಾಳೋ, ಈ ಸುತ್ತು ಮುಗೀಲಿ — ಹೋದ ವರ್ಷವೂ ಇದೇ, ಯಾವಾಗಲೂ ಇದೇ, ಎಂದು ಅರಚಿ ಸೌಟು ಕಿತ್ತುಕೊಂಡು ನಾನೇ ಮುಚ್ಚಳ ತೆಗೆದೆ. ಹಿಂದಿನಿಂದ ಮಿಂಗೂ ಅಂದಳು. ಹುಯ್ಯುತ್ತಿದ್ದೆ. ಮತ್ತೊಮ್ಮೆ ಮಿಂಗೂ ಅಂದಳು, ಸಣ್ಣಗೆ, ಬೈಯುತ್ತಾಳೆ ಅಂದುಕೊಂಡೆ, ತಿರುಗಲಿಲ್ಲ, ಮುಚ್ಚಳ ಮುಚ್ಚಿ, ಕೆಂಡ ಸರಿಮಾಡಿ, ಆಮೇಲೆ ತಿರುಗಿದೆ, ನೆಲದ ಮೇಲೆ ಬಿದ್ದಿದ್ದಳು, ಬಾಯಿ ಒಂದು ಪಕ್ಕಕ್ಕೆ. ಆವತ್ತಿನಿಂದ ಮಾತಿಲ್ಲ. ಎರಡು ಸಲ ಕರೆದಳು ಎಂದು ಡಾಕ್ಟರಿಗೆ ಹೇಳಲಿಲ್ಲ, ಅಕ್ಕನಿಗೆ ಹೇಳಲಿಲ್ಲ, ಪಾದ್ರಿಯ ಮುಂದೆ ಮಂಡಿಯೂರಿ ಬೇರೆ ಪಾಪಗಳನ್ನೆಲ್ಲ ಹೇಳಿ ಎದ್ದುಬಂದೆ. ಗೊತ್ತಿರುವುದು ಇಬ್ಬರಿಗೆ. ಅವಳಿಗೆ ನೆನಪಿದೆಯೋ ಇಲ್ಲವೋ, ಅದು ಗೊತ್ತಿಲ್ಲ.

ಝರಿ, ಗೇರುಮರದ ನೆರಳು, ಚಾಪೆ, ಪ್ರತಿ ಮೇ ತಿಂಗಳ ಪಿಕ್ನಿಕ್ಕಿಗೂ ಇದೇ ನೆರಳು, ಬೆನಿಟೊ ಆಗಲೇ ನೀರಿಗಿಳಿದು ಎಮ್ಮೆಯ ಹಾಗೆ ಕೂಗುತ್ತಾನೆ, ಬಾರೇ ಲಿಂದಾ, ಬಾರೋ ಮಿಂಗೆಲ್. ಅಕ್ಕ ಡಬ್ಬಿ ತೆರೆದು ಬೆಬಿಂಕವನ್ನು ತಟ್ಟೆಗೆ ಕವುಚಿದಳು, ಮೊದಲ ಪದರ ಮೇಲೆ ಬಂತು, ಚಾಕು ಹಾಕಿದಳು. ಅಬ್ಬಾ, ಮಾಯ್‌ದೇ ಇದ್ದಹಾಗಿದೆಯಲ್ಲೋ — ಅಯ್ಯೋ, ಇದೇನೋ ನಡುವೆ ಕರೀ ಗೆರೆ, ನಿದ್ದೆ ಹೋದೆಯಾ? ನಿದ್ದೆ! ಐದನೆಯ ಪದರಕ್ಕೆ ಪೂರ್ತಿ ಸುತ್ತು ಇರಲಿಲ್ಲ ಅಕ್ಕಾ, ಅರ್ಧ ಓದಿದೆ, ಅಲ್ಲಿಂದ ಮುಂದೆ ಎಷ್ಟು ಉಸಿರೋ ತಿಳಿಯಲಿಲ್ಲ, ಮುಚ್ಚಳಕ್ಕೆ ಕೈ ಹಾಕಿದರೆ ಹಿಂದಿನಿಂದ ಮಿಂಗೂ, ಕೈ ಹಿಂದಕ್ಕೆ, ಮತ್ತೆ ಮಿಂಗೂ, ಹಾಗೇ ನಿಂತೆ, ಕಾದೆ, ಜನ್ಮದಲ್ಲಿ ಮೊದಲ ಸಲ, ಸುಡುವ ತನಕ ಕಾದೆ. ಉಳಿದ ಎರಡನ್ನು ಹೇಗೆ ಮುಗಿಸಿದೆನೋ.

ಮಾಯ್ ಎಡಗೈ ಚಾಚಿದಳು. ಮಕ್ಕಳು ತಿನ್ನುವ ಹಾಗೆ ಪದರ ಬಿಡಿಸಿದಳು, ಒಂದು, ಬಾಯಿ ತೆರೆಯಿತು, ತಿಂದಳು, ತಿಂದಳು, ಎರಡು, ಮೂರು, ಅಕ್ಕ ಸೆರಗಿಲ್ಲದ್ದಕ್ಕೆ ಅಂಗೈಯಿಂದ ಕಣ್ಣು ಒರೆಸಿಕೊಳ್ಳುತ್ತಾಳೆ, ನಾಲ್ಕು, ಆಮೇಲೆ ಕರಿಯದು. ಬೆರಳು ನಿಂತಿತು. ನನ್ನನ್ನು ನೋಡಿದಳು. ಅವಳಿಗೆ ನೆನಪಿದೆ. ಬೈಯಿ ಮಾಯ್, ಮಾತು ಬಾರದಿದ್ದರೆ ಉಗಿ, ಆ ಕಣ್ಣಿನಲ್ಲಿ ಏನಿದೆ, ಕೋಪವೇ ಇದ್ದರೆ ನನಗೆ ಓದಲು ಬರುತ್ತಿತ್ತು, ಕೋಪ ನನ್ನದೇ ಭಾಷೆ — ಕರಿಯದನ್ನೂ ಬಾಯಿಗಿಟ್ಟಳು, ನಿಧಾನ ಅಗಿದಳು, ಆಮೇಲೆ ಗದ್ದದಿಂದ ಕುರ್ಚಿಗೆ ನೇತುಹಾಕಿದ್ದ ಹಾಸಿನ ಚೀಲ ತೋರಿಸಿದಳು. ಹಾಸು ತೆಗೆದು ಮಡಿಲಿಗಿಟ್ಟೆ. ಬಲಗೈಯನ್ನು ಕಲ್ಲಿನ ಹಾಗೆ ಅದರ ಮೇಲೆ ಹೇರಿ, ಎಡಗೈಯಲ್ಲಿ ಕಡ್ಡಿ ಹಿಡಿದಳು. ದಾರ ನನ್ನ ಬೆರಳಿಗೆ ಸುತ್ತಿದಳು. ಎಳೆದಳು, ತಪ್ಪಿತು. ಎಳೆದಳು. ಏ ಮಿಂಗೆಲ್, ಹಗಲು ಹೋಗ್ತಿದೆ, ಬರ್ತೀಯೋ ಇಲ್ವೋ — ತಾಳೋ ಭಾವಾ, ಈ ಸುತ್ತು ಮುಗೀಲಿ. ಕಡ್ಡಿ ನಡುಗುತ್ತದೆ, ಕಡ್ಡಿಯ ಮೂತಿಗೆ ಕುಣಿಕೆ, ಕುಣಿಕೆಯಿಂದ ನನ್ನ ಬೆರಳಿನವರೆಗೆ ದಾರ, ಜಾರಿತು, ಇಲ್ಲ, ಇದೆ, ಕುಣಿಕೆ