ನುಣ್ಣಗೆ ಒರೆಸಿದ ಬಿಲಗಳು

ನನ್ನ ಗಂಡ ಜಯಶೀಲ ಕಲ್ಯಾಣ ಪಟ್ಟಣದಲ್ಲಿ ನಲವತ್ತು ವರ್ಷ ಹೋಟೆಲ್ ನಡೆಸಿದವರು. ಗಿರಾಕಿ ಬರುವ ಮೊದಲು ಮೇಜು ಫಳಫಳ ಎನ್ನಬೇಕು. ಈಗ ಹೋಟೆಲ್ ಇಲ್ಲ, ಕೈಯ ಚಾಳಿ ಮಾತ್ರ ಹೋಗಿಲ್ಲ. ನಾನು ಚಹಾ ಮುಗಿಸುವುದರೊಳಗೆ ಲೋಟದ ಅಡಿ ಒರೆಸುತ್ತಾರೆ.

ದೀಪಾವಳಿಗೆ ಮೊಮ್ಮಗಳಿಗೆ ಮೊದಲ ಅನ್ನ ಉಣಿಸುವುದಿತ್ತು. ಅದು ತಾವೇ ಬೆಳೆದ ಹೊಸ ಅಕ್ಕಿಯದ್ದೇ ಆಗಬೇಕೆಂದು ಈ ಮನುಷ್ಯ ಊರ ಹೊರಗೆ ಐದು ಗುಂಟೆ ಗದ್ದೆ ಗೇಣಿಗೆ ಹಿಡಿದರು. ನಾಟಿಯಾಯಿತು. ಇಲಿಗಳೂ ಬಂದವು.

ಮಾರ್ಕೆಟ್‌ನಲ್ಲಿ ಮೂಟೆ ಹೊರುವ ಸಿದ್ರಾಮ ಸಿಂಧನೂರಿನ ಭತ್ತದ ಸೀಮೆಯವನು. ಅವನನ್ನು ಕರೆಸಿದೆವು.

"ಭತ್ತಕ್ಕ ಹೊಟ್ಟಿ ಬಂತಂದ್ರ, ಒಳಗ ತೆನಿ ಕೂತದಂತ ಇಲಿಗೂ ಗೊತ್ತಾಗ್ತದ್ರಿ ಸೇಠ್. ಆಗ ಅವೂ ಬಸಿರಾಗ್ತಾವ. ಮೂರು ವಾರಕ್ಕ ಏಳೆಂಟು ಮರಿ. ಅದಕ್ಕ ಮೊದಲ ಹಿಡೀಬೇಕು."

ಸಂಜೆ ಬದುವಿನ ಬಿಲಗಳನ್ನೆಲ್ಲ ಕೆಸರಿನಿಂದ ಮುಚ್ಚಬೇಕು. ಬೆಳಿಗ್ಗೆ ಯಾವುದು ತೆರೆದಿದೆಯೋ ಅದರೊಳಗೆ ಇಲಿಯಿದೆ, ಅಲ್ಲಿ ಬೋನು ಇಡಬೇಕು. ಸಿದ್ರಾಮ ಇದನ್ನು ವಿವರಿಸುವಾಗ ಇವರು ಚಪ್ಪಲಿಯ ಕೆಸರು ಒರೆಸುತ್ತಿದ್ದರು. ಮುಚ್ಚಬೇಕು ಎಂಬುದಷ್ಟೇ ಕಿವಿಗೆ ಬಿದ್ದಿರಬೇಕು.

ಎಂಟು ದಿನ ಬೆಳಿಗ್ಗೆ ಏಳಕ್ಕೆ ಸಿದ್ರಾಮ ಬಂದ. ಒಂದು ಬಿಲವೂ ತೆರೆದಿರಲಿಲ್ಲ. ಪೈರು ಮಾತ್ರ ದಿನಾ ಕತ್ತರಿಸಿ ಬೀಳುತ್ತಿತ್ತು.

"ನನ್ನ ಕಣ್ಣು ಹೋಗ್ಯಾವೇನ್ರಿ ಅಕ್ಕಾರ?" ಎಂದ. ನನಗೆ ಸಂಕಟವಾಯಿತು.

ಒಂಬತ್ತನೇ ದಿನ ಅನುಮಾನ ಬಂದು ಏಳಕ್ಕೆ ತುಸು ಮುಂಚೆಯೇ ಇವರ ಹಿಂದೆ ಹೋದೆ. ನಮ್ಮ ಸೇಠ್ ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, ತೆರೆದ ಬಿಲಗಳನ್ನೆಲ್ಲ ಮತ್ತೆ ಮೆತ್ತಿ, ಅಂಗೈಯಲ್ಲಿ ನುಣ್ಣಗೆ ಒರೆಸುತ್ತಿದ್ದರು!

"ಎಂತ ಮಾಡ್ತಿದ್ದೀರಿ ಮಾರಾಯ್ರೆ?"

"ಸಿದ್ರಾಮ ಬರುವ ಹೊತ್ತಾಯ್ತಲ್ಲ. ಅವನಿಗೆ ಇಷ್ಟು ಗಲೀಜು ತೋರಿಸುವುದಾ?"

ಹಿಂದಿನಿಂದ ಬಂದ ಸಿದ್ರಾಮ ಕೇಳಿಸಿಕೊಂಡು ಅಲ್ಲೇ ಕುಸಿದು ಕೂತು ನಕ್ಕ. ಸಂಗತಿ ತಿಳಿದ ಮೇಲೆ ಇವರ ಮುಖ ಸಣ್ಣಗಾಯಿತು. ಭತ್ತಕ್ಕೆ ಆಗಲೇ ಹೊಟ್ಟೆ ಬಂದಿತ್ತು.

"ಮಗುವಿನ ಅನ್ನ ನಾನೇ ಇಲಿಗೆ ಬಡಿಸಿದೆ," ಎಂದರು.

"ಇನ್ನೂ ಮರಿ ಹಾಕಿಲ್ರಿ. ನೀವು ಕೈ ಕಟ್ಕೊಂಡು ನಿಂದರ್ರಿ, ಸಾಕು."

ಕೈ ಕಟ್ಟಿ ನಿಲ್ಲುವುದು ಇವರಿಗೆ ಎಷ್ಟು ಕಷ್ಟವೆಂದು ನನಗೊಬ್ಬಳಿಗೇ ಗೊತ್ತು. ಆದರೂ ನಿಂತರು. ದಿನಾ ಬೋನು ತುಂಬಿತು. ಅರ್ಧ ಗದ್ದೆಯ ಭತ್ತ ಕೈಗೆ ಸಿಕ್ಕಿತು. ಒಂದು ಮಗುವಿಗೆ ಎಷ್ಟು ಬೇಕು ಹೇಳಿ?

ದೀಪಾವಳಿಯ ದಿನ ಸಿದ್ರಾಮನನ್ನೂ ಊಟಕ್ಕೆ ಕರೆದಿದ್ದೆವು. ಅಜ್ಜ ಬಾಯಿಗಿಟ್ಟ ಮೊದಲ ತುತ್ತನ್ನು ಮೊಮ್ಮಗಳು ಫೂ ಎಂದು ನೆಲಕ್ಕೆ ಉಗಿದಳು. ಇವರ ಕೈ ತಟ್ಟನೆ ಹೆಗಲ ಟವಲಿಗೆ ಹೋಯಿತು. ಅರ್ಧದಲ್ಲೇ ನಿಂತಿತು. ಆಗ ಈ ಮನುಷ್ಯನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು.

"ಇರಲಿ," ಎಂದರು, "ಮೊದಲು ಸಿದ್ರಾಮ ನೋಡಲಿ."