ಹನ್ನೆರಡನೆಯ ಉಳಿ

ಶಾಲೆ ಬಿಡಲು ಇಪ್ಪತ್ತು ನಿಮಿಷವಿತ್ತು. ಏಳನೆಯ ತರಗತಿಯ ಮೇಜಿನ ಮೇಲೆ ಬಟ್ಟೆ ಹಾಸಿ, ಮಕ್ಕಳಿಂದ ವಾಪಸು ಪಡೆದ ಉಳಿಗಳನ್ನು ಸಾಲಾಗಿ ಜೋಡಿಸಿ ಎಣಿಸಿದಾಗ ಹನ್ನೊಂದೇ ಇದ್ದವು. ಅಚ್ಚಿನಕ್ಕ ಮತ್ತೊಮ್ಮೆ ಎಣಿಸಿದಳು. ಹನ್ನೊಂದೇ. ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಹರಿತವಾದದ್ದು ಇರಲಿಲ್ಲ.

ಬಟ್ಟೆಗೆ ಚಿತ್ತಾರ ಒತ್ತುವ ಮರದ ಅಚ್ಚುಗಳನ್ನು ಕೆತ್ತುವುದು ಅವಳ ಕಸುಬು. ಕಲಿತದ್ದು ಮಾವನಿಂದ. ಊರಿನ ಕಲಾವಿದರನ್ನು ಸರ್ಕಾರಿ ಶಾಲೆಗಳಿಗೆ ಕರೆಸಿ ಮಕ್ಕಳಿಗೆ ಕಲಿಸುವ ಅನುದಾನವೊಂದು ಆ ವರ್ಷ ಬಂದಿತ್ತು. ಅರ್ಜಿ ಹಾಕು ಎಂದು ಬೆನ್ನುಹತ್ತಿದವನೂ ಮಾವನೇ. "ನನ್ನಂಥ ಮುದುಕನನ್ನೇ ಪಳಗಿಸಿದೀಯ, ಮಕ್ಕಳು ಯಾವ ಲೆಕ್ಕ?" ಎಂದು ನಕ್ಕಿದ್ದ. ಹತ್ತು ವಾರ, ಪ್ರತಿ ಮಂಗಳವಾರ ಮಧ್ಯಾಹ್ನ. ಮೊದಲ ದಿನವೇ ಮಕ್ಕಳು ಅಚ್ಚಿನಕ್ಕ ಎಂದು ಕರೆದರು. ಆ ಹೆಸರೇ ಅಂಟಿಕೊಂಡಿತು.

ಮುಖ್ಯೋಪಾಧ್ಯಾಯಿನಿಗೆ ಮಾತ್ರ ಉಳಿಗಳನ್ನು ಕಂಡರೆ ಜೀವ ಬಾಯಿಗೆ ಬರುತ್ತಿತ್ತು. "ಬರೋವಾಗ ಎಣಿಸಿ ಬರೀಬೇಕು, ಹೋಗೋವಾಗ ಎಣಿಸಿ ಬರೀಬೇಕು. ಒಂದು ಹೆಚ್ಚುಕಮ್ಮಿ ಆದ್ರೂ ಎಲ್ಲಾ ಅಲ್ಲಿಗೇ ನಿಲ್ಲುತ್ತೆ. ನಾಳೆ ಹೆತ್ತವರಿಗೆ ಉತ್ತರ ಹೇಳೋಳು ನಾನು ತಾನೇ?" ಎಂದಿದ್ದರು. ಅದಕ್ಕೆಂದೇ ಒಂದು ಪುಸ್ತಕವಿತ್ತು. ಇದು ಐದನೆಯ ವಾರ. ಪುಸ್ತಕದಲ್ಲಿ ಇವತ್ತಿನ ದಿನಾಂಕದ ಎದುರು ಅವಳದೇ ಕೈಬರಹದಲ್ಲಿ 'ಹನ್ನೆರಡು' ಎಂದಿತ್ತು.

ಕ್ಲಾಸ್ ಮೇಷ್ಟ್ರು ಬಾಗಿಲು ಹಾಕಿ ಅದಕ್ಕೆ ಬೆನ್ನು ಕೊಟ್ಟು ನಿಂತರು. "ಯಾರೂ ಜಾಗ ಬಿಟ್ಟು ಏಳ್ಬೇಡಿ. ಎಲ್ರೂ ಬ್ಯಾಗ್ ಬಿಚ್ಚಿ ಮುಂದಿಡಿ."

ಪುಸ್ತಕ, ಪೆನ್ಸಿಲ್ ಪೆಟ್ಟಿಗೆ, ಅರ್ಧ ತಿಂದ ಬಿಸ್ಕೆಟ್ ಪೊಟ್ಟಣ ಎಲ್ಲ ಡೆಸ್ಕುಗಳ ಮೇಲೆ ಬಂದವು. ಕಿಟಕಿ ಪಕ್ಕದ ಕೊನೆಯ ಬೆಂಚಿನಲ್ಲಿ ಒಂದು ಬ್ಯಾಗು ಮಾತ್ರ ಮುಚ್ಚಿಯೇ ಇತ್ತು. ಅದನ್ನು ಎರಡೂ ಕೈಯಲ್ಲಿ ಎದೆಗೆ ಅವಚಿಕೊಂಡು ಕೂತಿದ್ದವಳು ಕಡ್ಡಿ. ತೆಳ್ಳಗಿದ್ದದ್ದಕ್ಕೋ, ಕಡ್ಡಿ ಮುರಿದ ಹಾಗೆ ಮಾತಾಡುತ್ತಿದ್ದದ್ದಕ್ಕೋ ಅವಳಿಗೆ ಆ ಹೆಸರು ಬಿದ್ದಿತ್ತು. ಕ್ಲಾಸಿನಲ್ಲಿ ಅವಳಷ್ಟು ನೇರವಾಗಿ ಗೆರೆ ಕೆತ್ತುವವರು ಇನ್ನೊಬ್ಬರಿರಲಿಲ್ಲ.

"ಬಿಚ್ಚು," ಎಂದರು ಮೇಷ್ಟ್ರು.

"ಬಿಚ್ಚಲ್ಲ."

"ಯಾಕೆ?"

"ನಾನ್ ತಗೊಂಡಿಲ್ಲ, ಸಾರ್."

"ತಗೊಂಡಿಲ್ಲ ಅಂದ್ಮೇಲೆ ಬಿಚ್ಚೋಕೇನು ಭಯ?"

ಮುಂದಿನ ಬೆಂಚಿನ ಹುಡುಗನೊಬ್ಬ ಹಿಂದೆ ತಿರುಗಿ, "ಬೆಳಿಗ್ಗೆ ಜಗಳದಲ್ಲಿ ನನ್ನನ್ನ ನೋಡ್ಕೋತೀನಿ ಅಂದಿದ್ಲು ಸಾರ್," ಎಂದ. ಕ್ಲಾಸೆಲ್ಲ ಗುಜುಗುಜು ಎಂದಿತು. ಕಡ್ಡಿ ಅಚ್ಚಿನಕ್ಕನ ಕಡೆ ನೋಡಿದಳು. "ಅಕ್ಕಾ, ನಾನ್ ತಗೊಂಡಿಲ್ಲ." ಅಚ್ಚಿನಕ್ಕ ಆ ಮುಖ ನೋಡಲಾರದೆ ಉಳಿಗಳ ಕಡೆ ಕಣ್ಣು ಹೊರಳಿಸಿದಳು.

ಐದು ನಿಮಿಷದಲ್ಲಿ ಕಡ್ಡಿಯನ್ನು ಬ್ಯಾಗಿನ ಸಮೇತ ಆಫೀಸಿಗೆ ಕರೆದೊಯ್ದರು. ಅವಳ ಅಮ್ಮ ಎರಡು ಬೀದಿ ಆಚೆ ಲಾಂಡ್ರಿಯಲ್ಲಿ ಇಸ್ತ್ರಿ ಕೆಲಸಕ್ಕಿದ್ದಳು. ಅವಳಿಗೆ ಫೋನು ಹೋಯಿತು. ಗಂಟೆ ಹೊಡೆದರೂ ಮೇಷ್ಟ್ರು ಉಳಿದ ಮಕ್ಕಳನ್ನು ಬಿಡಲಿಲ್ಲ.

ಅಚ್ಚಿನಕ್ಕ ಆಫೀಸಿನ ಹೊರಗೆ ನಿಂತಳು. ಕಿಟಕಿಯೊಳಗಿಂದ ಕಡ್ಡಿ ಕಾಣುತ್ತಿದ್ದಳು. ಎಲ್ಲರೂ ಯೂನಿಫಾರ್ಮ್ ಲಂಗದಲ್ಲಿದ್ದ ದಿನ ಅವಳೊಬ್ಬಳು ಆಟದ ಪ್ಯಾಂಟಿನಲ್ಲಿದ್ದಳು. ಪಾಠ ಶುರುವಾದಾಗ ಅವಳೂ ಲಂಗದಲ್ಲೇ ಇದ್ದಳಲ್ಲ? ಅಚ್ಚಿನಕ್ಕ ಮಧ್ಯಾಹ್ನವನ್ನು ಮತ್ತೆ ನೆನೆಸಿಕೊಂಡಳು. ಬಸ್ಸು ತಪ್ಪಿ ತಡವಾಗಿ ಬಂದದ್ದು, ಓಡುತ್ತಲೇ ಪುಸ್ತಕಕ್ಕೆ ಸಹಿ ಹಾಕಿದ್ದು. ಉಳಿಗಳ ಚೀಲದ ದಾರವನ್ನು ಬಿಚ್ಚಿದ್ದಳೇ?

ಬಿಚ್ಚಿರಲಿಲ್ಲ. ಎಣಿಸದೆಯೇ ಬರೆದಿದ್ದಳು.

ಕಾರಿಡಾರಿನ ತುದಿಗೆ ಹೋಗಿ ಮನೆಗೆ ಫೋನು ಮಾಡಿದಳು. "ಮಾವ, ಸಣ್ಣ ಉಳಿ ಅಲ್ಲೇನಾದ್ರೂ ಇದೆಯಾ?"

"ಇಲ್ಲೇ ಇದೆಯಲ್ಲಮ್ಮ. ನಿನ್ನೆ ಸಾಣೆ ಹಿಡಿದು ಕಿಟಕೀಲಿ ಇಟ್ಟಿದ್ದೆ. ಚೀಲಕ್ಕೆ ಹಾಕ್ಕೋ ಅಂತ ಹೇಳಿದ್ನಲ್ಲ, ನೀನೂ ತಲೆ ಆಡಿಸ್ದೆ. ಯಾಕೆ, ಏನಾಯ್ತು?"

ಅವಳು ಫೋನು ಇಟ್ಟಳು. ಆಫೀಸಿಗೂ ಅವಳಿಗೂ ನಡುವೆ ಐದು ಕೊಠಡಿಗಳಷ್ಟು ದೂರ. ಈ ವಿಷಯ ಗೊತ್ತಿದ್ದದ್ದು ಅವಳೊಬ್ಬಳಿಗೇ. ಚೀಲದ ಒಳಪದರದಲ್ಲಿ ಸಿಕ್ಕಿತು ಎಂದುಬಿಟ್ಟರೆ? ತೋರಿಸಿ ಅಂದರೆ? ಮನೆಗೆ ಓಡಿಹೋಗಿ ತಂದು ಬೆಂಚಿನ ಕೆಳಗೆ ಹಾಕಿದರೆ? ನಿಜ ಹೇಳಿದರೆ ಕಾರ್ಯಕ್ರಮ ನಿಲ್ಲುತ್ತದೆ, ಅವಳ ಹೆಸರಿಗೆ ಮಸಿ ಬಳಿದಂತಾಗುತ್ತದೆ, ಇನ್ಯಾವ ಶಾಲೆಯೂ ಅವಳನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ.

ಅಷ್ಟರಲ್ಲಿ ಕಡ್ಡಿಯ ಅಮ್ಮ ಏದುಸಿರು ಬಿಡುತ್ತ ಅವಳನ್ನು ದಾಟಿಕೊಂಡು ಆಫೀಸಿಗೆ ನುಗ್ಗಿದಳು. "ಕಳ್ಳಿ ಅನ್ನಿಸ್ಕೊಳ್ಳೋಕೆ ಹೆತ್ತೆನೇನೇ ನಿನ್ನ? ಕೊಡು ಆ ಬ್ಯಾಗು!" ಎಂಬ ಕೂಗು ಕಾರಿಡಾರಿಗೂ ಕೇಳಿಸಿತು.

ಅಚ್ಚಿನಕ್ಕ ಓಡಿದಳು. ಅಮ್ಮನ ಒಂದು ಕೈ ಬ್ಯಾಗಿನ ಮೇಲಿತ್ತು, ಇನ್ನೊಂದು ಹೊಡೆಯಲು ಎತ್ತಿತ್ತು.

"ಹೊಡೀಬೇಡಿ. ಬ್ಯಾಗೂ ಬಿಚ್ಚಬೇಡಿ. ಉಳಿ ನಮ್ಮ ಮನೇಲಿದೆ."

ಅಮ್ಮನ ಎತ್ತಿದ ಕೈ ಕೆಳಗಿಳಿಯಿತು.

"ನಾನು ತಂದೇ ಇರಲಿಲ್ಲ. ಎಣಿಸದೆ ಹನ್ನೆರಡು ಅಂತ ಬರೆದೆ. ತಪ್ಪು ನಂದು."

ಮುಖ್ಯೋಪಾಧ್ಯಾಯಿನಿ ಕುರ್ಚಿಯಲ್ಲಿ ಕುಸಿದು ಕೂತರು. "ಇಷ್ಟು ಹೊತ್ತು ಬಾಯಿಗೆ ಬೀಗ ಹಾಕಿತ್ತೇನಮ್ಮ?"

"ಈಗಷ್ಟೇ ಗೊತ್ತಾಯ್ತು, ಮೇಡಂ. ಆದ್ರೂ ಮೊದಲೇ ಯೋಚಿಸಬೇಕಿತ್ತು."

ಕಡ್ಡಿ ಅಮ್ಮನ ಕಿವಿಯಲ್ಲಿ ಏನೋ ಪಿಸುಗುಟ್ಟಿದಳು. ಅಮ್ಮ ಗೋಡೆಯ ಕಡೆ ತಿರುಗಿ ಬ್ಯಾಗಿನ ಜಿಪ್ಪನ್ನು ಒಂದು ಗೇಣು ಎಳೆದು ನೋಡಿದಳು. ಒಳಗೆ ರಕ್ತದ ಕಲೆಯಾದ ಲಂಗವನ್ನು ಮಡಿಸಿ ತುರುಕಿತ್ತು. ಜಿಪ್ಪು ಮುಚ್ಚಿ ತಿರುಗಿದಾಗ ಅವಳ ಸಿಟ್ಟು ಬೇರೆ ಕಡೆ ಹರಿದಿತ್ತು.

"ಮೊದಲನೇ ಸಲ ಆಗಿದೆ ಇವಳಿಗೆ. ಅಷ್ಟು ಹುಡುಗರ ಮುಂದೆ ಇದನ್ನ ಬಿಚ್ಚು ಅಂದ್ರಾ? ನೀವೂ ಹೆಣ್ಣಲ್ವಾ ಮೇಡಂ?" ಆಮೇಲೆ ಅಚ್ಚಿನಕ್ಕನ ಕಡೆ ನೋಡಿದಳು. "ನೀವೂ?"

ಮುಖ್ಯೋಪಾಧ್ಯಾಯಿನಿಯ ತಲೆ ತಗ್ಗಿತು.

"ಕ್ಲಾಸಿನಲ್ಲಿ ಹೇಳ್ಬೇಕು ನಾನು," ಎಂದಳು ಅಚ್ಚಿನಕ್ಕ. "ಮಕ್ಕಳಿನ್ನೂ ಅಲ್ಲೇ ಇದ್ದಾರೆ."

"ಮಕ್ಕಳ ಮುಂದೆ ಬೇಡ. ಇಲ್ಲಿಗೇ ಮುಗಿಸೋಣ."

"ಕಳ್ಳಿ ಅನ್ನಿಸಿದ್ದು ಮಕ್ಕಳ ಮುಂದೇನೇ, ಮೇಡಂ."

ಅವಳು ಹೋಗಿ ಹೇಳಿದಳು. ಸುತ್ತುಬಳಸಲಿಲ್ಲ. ಎಣಿಸದೆ ಬರೆದದ್ದನ್ನೂ, ಉಳಿ ಮನೆಯ ಕಿಟಕಿಯಲ್ಲಿರುವುದನ್ನೂ ಹೇಳಿ, ಬಾಗಿಲಲ್ಲಿ ಅಮ್ಮನ ಪಕ್ಕ ನಿಂತಿದ್ದ ಕಡ್ಡಿಯ ಕಡೆ ತಿರುಗಿ ಕ್ಷಮೆ ಕೇಳಿದಳು. ಮೇಷ್ಟ್ರು ನೆಲ ನೋಡುತ್ತಿದ್ದರು.

"ತಗೊಂಡಿಲ್ಲ ಅಂತ ನಿಮ್ಮನ್ನೇ ನೋಡಿ ಹೇಳ್ದೆ," ಎಂದಳು ಕಡ್ಡಿ. "ನೀವು ಆ ಕಡೆ ತಿರುಗಿಕೊಂಡ್ರಿ."

ತಾಯಿ ಮಗಳು ಹೊರಟುಹೋದರು.

ಅನುದಾನ ಸಮಿತಿಗೆ ಆದದ್ದೆಲ್ಲವನ್ನೂ ಅವಳೇ ಬರೆದು ಕಳಿಸಿದಳು. ಎರಡು ಮಂಗಳವಾರ ತರಗತಿ ನಡೆಯಲಿಲ್ಲ. ಮೂರನೆಯ ವಾರ ಸಮಿತಿಯ ಪತ್ರ ಬಂತು. ಉಳಿದ ವಾರಗಳನ್ನು ಮುಗಿಸಬಹುದು, ಆದರೆ ಮುಂದಿನ ವರ್ಷದ ಪಟ್ಟಿಯಲ್ಲಿ ಅವಳ ಹೆಸರು ಇರುವುದಿಲ್ಲ ಎಂದಿತ್ತು. ಮಾವ ಅದನ್ನು ಎರಡು ಸಲ ಓದಿ, ಏನೂ ತಮಾಷೆ ಮಾಡದೆ ಮಡಿಸಿಟ್ಟ.

ಅವಳು ಶಾಲೆಗೆ ಹೋದಾಗ ಕಿಟಕಿ ಪಕ್ಕದ ಬೆಂಚು ಖಾಲಿಯಿತ್ತು. ಅದರ ಮುಂದಿನ ವಾರವೂ ಕಡ್ಡಿ ಮಂಗಳವಾರ ಮಾತ್ರ ರಜೆ ಹಾಕಿದಳು. ಕೆತ್ತನೆಯ ಎಂಟನೆಯ ಪಾಠದ ದಿನ ಬಂದಳು. ಯಾರನ್ನೂ ಮಾತಾಡಿಸದೆ ತನ್ನ ಅರ್ಧ ಕೆತ್ತಿದ ಹಲಗೆ ಎತ್ತಿಕೊಂಡು ಕೂತಳು. ಅಚ್ಚಿನಕ್ಕ ಹತ್ತಿರ ಸುಳಿಯಲಿಲ್ಲ, ದೂರದಿಂದಲೇ ಬೇರೆಯವರ ಹಲಗೆ ನೋಡುತ್ತಿದ್ದಳು. ಅರ್ಧ ಗಂಟೆಯಾದ ಮೇಲೆ ಕೊನೆಯ ಬೆಂಚಿನಿಂದ ದನಿ ಬಂತು.

"ಈ ಗೆರೆ ಆಳ ಆಗೋಯ್ತು. ಏನ್ ಮಾಡ್ಲಿ?"

ಅಕ್ಕ ಎನ್ನಲಿಲ್ಲ. ತಲೆಯನ್ನೂ ಎತ್ತಲಿಲ್ಲ. ಅಚ್ಚಿನಕ್ಕ ಹೋಗಿ ಬೆಂಚಿನ ಪಕ್ಕ ನೆಲಕ್ಕೆ ಮಂಡಿಯೂರಿ, ಹಲಗೆಯನ್ನು ಬೆಳಕಿಗೆ ಹಿಡಿದು ನೋಡತೊಡಗಿದಳು.