ಮೂರನೇ ತಿರುವಿನ ನೀರು

ಡಿಸೆಂಬರಿನ ಎರಡನೇ ವಾರ. ಚಳಿ ಹಿಡಿದ ಮೇಲೆ ರಬ್ಬರ್ ಮರಗಳಲ್ಲಿ ಹಾಲು ಜಾಸ್ತಿ. ಬೆಳ್ತಂಗಡಿ ಪಕ್ಕದ ಲಾಯಿಲದ ಗುಡ್ಡದಲ್ಲಿ ಶೋಧನ್ ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಮರದಿಂದ ಮರಕ್ಕೆ ಹೋಗುತ್ತಿದ್ದ. ಮರಕ್ಕೆ ಕಟ್ಟಿದ ತೆಂಗಿನ ಗೆರಟೆಯ ತಳದಲ್ಲಿ ಹಿಂದಿನ ದಿನದ್ದು ಹೆಪ್ಪುಗಟ್ಟಿದ್ದರೆ ಕಿತ್ತು ಚೀಲಕ್ಕೆ ಹಾಕುವುದು, ಕತ್ತಿಯಲ್ಲಿ ಓರೆಯಾಗಿ ಒಂದೆಳೆ ತೊಗಟೆ ತೆಗೆಯುವುದು, ಹಾಲು ಗೀರಿನಲ್ಲಿ ಇಳಿದು ಗೆರಟೆಗೆ ತೊಟ್ಟಿಕ್ಕುವವರೆಗೆ ನಿಲ್ಲುವುದು, ಮತ್ತೆ ಮುಂದಿನ ಮರ. ಅವಸರ ಮಾಡಿದರೆ ಕತ್ತಿ ಆಳಕ್ಕೆ ಹೋಗಿ ಮರಕ್ಕೆ ಗಾಯವಾಗುತ್ತದೆ. ಆ ಶನಿವಾರ ನಾಲ್ಕು ಮರಗಳಿಗೆ ಗಾಯವಾಯಿತು.

ಹಿಂದಿನಿಂದ ಬಾಲ್ದಿ ಹಿಡಿದು ಬರುತ್ತಿದ್ದ ಹೆಂಡತಿ ಸುರಕ್ಷಾ ಅದನ್ನು ಕಂಡಳು.

"ಟ್ರ್ಯಾಕಿನ ಆಲೋಚನೆ ಟ್ರ್ಯಾಕಿನಲ್ಲಿ ಮಾಡಿ. ಆ ಕತ್ತಿ ಇಲ್ಲಿ ಕೊಡಿ, ಉಳಿದದ್ದು ನಾನು ಮಾಡ್ತೇನೆ. ಮೂಳೆ ಮುರ್ಕೊಂಡು ಬಂದ್ರೆ ಮಾತ್ರ ಬಾಗಿಲು ತೆಗೆಯುದಿಲ್ಲ, ಈಗಲೇ ಹೇಳಿದ್ದೇನೆ."

ಏಳು ಗಂಟೆಗೆ ಅಝೀಮನ ಟೆಂಪೋ ಅಂಗಳಕ್ಕೆ ಬಂತು. ಬಿ.ಸಿ.ರೋಡಿನಲ್ಲಿ ಬಾಡಿಗೆಗೆ ಟೆಂಪೋ ಓಡಿಸುವ ಅಝೀಮನೂ ಶೋಧನ್‌ನ ಹಾಗೆಯೇ, ವರ್ಷಕ್ಕೆ ಮೂರೋ ನಾಲ್ಕೋ ಕಡೆ ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಓಡಿಸುವವನು. ಬಿ.ಸಿ.ರೋಡಿನಿಂದ ನೇರ ಮೂಡುಬಿದಿರೆಗೆ ಹೋಗುವ ಬದಲು ಬೆಳ್ತಂಗಡಿಗೆ ಬಂದು, ಶೋಧನ್‌ನ ಬೈಕನ್ನೂ ಹೇರಿಕೊಂಡು ವೇಣೂರಿನ ದಾರಿಯಲ್ಲಿ ಹೋಗುವುದು ಅವನಿಗೆ ದೊಡ್ಡ ಸುತ್ತು. ಮೂರು ವರ್ಷಗಳಿಂದ ಸುತ್ತುತ್ತಿದ್ದ. ಒಮ್ಮೆಯೂ ಅದನ್ನು ಹೇಳಿದವನಲ್ಲ.

ಮೂಡುಬಿದಿರೆ ಪೇಟೆಯಿಂದ ಸ್ವಲ್ಪ ಒಳಗೆ, ಕೊಯ್ಲು ಮುಗಿದ ಆರು ಗದ್ದೆಗಳ ನಡುವಿನ ಬದು ಕಡಿದು, ಜೆಸಿಬಿಯಲ್ಲಿ ಸಮ ಮಾಡಿ ಟ್ರ್ಯಾಕ್ ಮಾಡಿದ್ದರು. ನಡೆಸುವವನು ಜಿತೇಶ್, ಬಂಟ್ವಾಳದಲ್ಲಿ ಟಯರಿನ ಅಂಗಡಿ ಇರುವವನು. ಒಣಗಿದ ಗದ್ದೆಯ ಮಣ್ಣು ಎರಡು ಬೈಕ್ ಹೋದರೆ ಸಾಕು, ಹಿಟ್ಟಿನ ಹಾಗೆ ಏಳುತ್ತದೆ. ಆದ್ದರಿಂದ ನೀರು ಬಿಡಲಿಕ್ಕೆ ಜನ ಬೇಕು. ಆ ಕೆಲಸ ಹುಕ್ರಪ್ಪನದು. ಅರವತ್ತು ದಾಟಿದ ಆಳು. ಪಂಪಿನ ಉದ್ದ ಪೈಪನ್ನು ಹೆಗಲ ಮೇಲೆ ಎಳೆದುಕೊಂಡು ಬರಿಗಾಲಲ್ಲಿ ಇಡೀ ಟ್ರ್ಯಾಕ್ ಸುತ್ತುತ್ತಿದ್ದ. ಎಷ್ಟು ನೀರು ಸಾಕು ಎಂದು ನೋಡಲು ಹಿಮ್ಮಡಿ ಊರಿ ಅರ್ಧ ತಿರುಗುತ್ತಿದ್ದ. ಗುರುತಿನ ಅಂಚು ಒಡೆಯದೆ ನಿಂತರೆ ಹದ. ಒಳಗೆ ನೀರು ಹೊಳೆದರೆ ಹೆಚ್ಚು. ಸುತ್ತಮುತ್ತ ಎಲ್ಲಿ ಟ್ರ್ಯಾಕ್ ಮಾಡಿದರೂ ಜಿತೇಶ್ ಅವನನ್ನೇ ಕರೆಯುತ್ತಿದ್ದ.

ಶನಿವಾರ ಸಮಯ ನೋಡುವ ಓಟ. ಎಂಟು ಜನರಲ್ಲಿ ಅಝೀಮ್ ಮೊದಲನೆಯವನು, ಶೋಧನ್ ಐದನೆಯವನು. ಐದನೆಯವನು ಎಂದರೆ ಭಾನುವಾರ ಹಿಂದಿನ ಸಾಲಿನಿಂದ ಹೊರಟು ನಾಲ್ಕು ಬೈಕುಗಳ ಧೂಳು ತಿನ್ನಬೇಕು. ರಾತ್ರಿ ಹತ್ತಿರದ ಶಾಲೆಯ ಜಗಲಿಯಲ್ಲಿ ಮಲಗಿಕೊಂಡು ಶೋಧನ್ ಮೂರನೇ ತಿರುವನ್ನೇ ಯೋಚಿಸಿದ. ಅಲ್ಲಿ ಟ್ರ್ಯಾಕ್ ಎಡಕ್ಕೆ ಬಗ್ಗಿ ಕೆಳಗಿನ ಗದ್ದೆಗೆ ಇಳಿಯುತ್ತದೆ. ಉಳಿದವರೆಲ್ಲ ಒಣ ನೆಲಕ್ಕೆಂದು ಹೊಸ ಟಯರ್ ಹಾಕಿಸಿಕೊಂಡು ಬಂದಿದ್ದಾರೆ. ತಾನೋ ಮಳೆಗಾಲವಿಡೀ ತೋಟದ ಕೆಸರು ದಾರಿಯಲ್ಲಿ ಹಾಲಿನ ಕ್ಯಾನ್ ಕಟ್ಟಿಕೊಂಡು ಓಡಿಸುವವನು. ಆ ತಿರುವು ಒದ್ದೆಯಾಗಿದ್ದರೆ ಅವರು ಹೆದರಿ ನಿಧಾನ ಮಾಡುತ್ತಾರೆ, ತಾನು ಮಾಡುವುದಿಲ್ಲ.

ಭಾನುವಾರ ಮಧ್ಯಾಹ್ನ, ಓಟಕ್ಕೆ ಅರ್ಧ ಗಂಟೆ ಇರುವಾಗ ಅವನು ಹುಕ್ರಪ್ಪನ ಹತ್ತಿರ ಹೋದ. ಸುತ್ತ ಯಾರೂ ಇರಲಿಲ್ಲ.

"ಹುಕ್ರಪ್ಪಣ್ಣ, ಮೂರನೇ ತಿರುವಿಗೆ ಇನ್ನೊಂದು ಸಲ ನೀರು ಬಿಡಿ. ಧೂಳಿನಲ್ಲಿ ಎಂತದೂ ಕಾಣುದಿಲ್ಲ."

"ಅಲ್ಲಿಗೆ ಸಾಕು. ಅಡಿಯಲ್ಲಿ ಜೇಡಿ ಮಣ್ಣು ಉಂಟು. ಕುಡಿಸಿದಷ್ಟೂ ಜಾರ್ತದೆ."

"ಸ್ವಲ್ಪ ಬಿಡಿ ಮಾರಾಯ್ರೆ."

"ಬೇಡ ಅಂತ ನನಗೆ ಕಾಣ್ತದೆ."

"ಜಿತೇಶನೇ ಹೇಳಿ ಕಳಿಸಿದ್ದು."

ಹುಕ್ರಪ್ಪ ಅವನ ಮುಖ ನೋಡಿದ. "ಜಿತೇಶಣ್ಣ ಹೇಳಿದ್ರಾ?"

"ಹೌದು."

ಅಷ್ಟು ಸುಲಭವಾಗಿ ಬಂತು ಆ ಮಾತು. ಹುಕ್ರಪ್ಪ ಪೈಪ್ ಎಳೆದುಕೊಂಡು ಹೋದ.

ಓಟ ಹತ್ತು ಸುತ್ತಿನದು. ಮೊದಲ ಸುತ್ತಿನಲ್ಲೇ ಮುಂದಿದ್ದ ಅಝೀಮ್ ಮೂರನೇ ತಿರುವಿಗೆ ಬಂದ. ಬೆಳಗ್ಗಿನ ಅಭ್ಯಾಸದಲ್ಲಿ ಗಟ್ಟಿಯಾಗಿದ್ದ ನೆಲವೆಂದೇ ನಂಬಿ ವೇಗ ಇಳಿಸದೆ ಬಗ್ಗಿಸಿದ. ಹಿಂದಿನ ಚಕ್ರ ಜಾರಿತು. ಬೈಕ್ ಒಂದು ಕಡೆ, ಅವನು ಒಂದು ಕಡೆ. ಹಿಂದಿನವರಿಬ್ಬರು ಗಾಬರಿಯಾಗಿ ಬ್ರೇಕ್ ಹಾಕಿದರು. ಶೋಧನ್ ಆ ಸಂದಿನಲ್ಲಿ, ತಾನು ಲೆಕ್ಕ ಹಾಕಿದ್ದ ದಾರಿಯಲ್ಲೇ ದಾಟಿ ಹೋದ. ದಾಟುವಾಗ ಅಝೀಮ್ ಎದ್ದು ಕೂರಲು ನೋಡಿ ಮತ್ತೆ ಬಿದ್ದದ್ದು ಕಣ್ಣಂಚಿನಲ್ಲಿ ಕಂಡಿತು. ನಿಲ್ಲಿಸಲಿಲ್ಲ. ಹತ್ತೂ ಸುತ್ತು ಓಡಿಸಿ ಮೂರನೆಯವನಾಗಿ ಬಂದ.

ಅವನು ಹೆಲ್ಮೆಟ್ ತೆಗೆಯುವಷ್ಟರಲ್ಲಿ ಅಝೀಮನನ್ನು ಆ್ಯಂಬುಲೆನ್ಸಿಗೆ ಹತ್ತಿಸುತ್ತಿದ್ದರು. ಹೆಗಲಿನ ಎಲುಬು ಮುರಿದಿತ್ತು. ನೋವಿನಲ್ಲಿ ಅವನು ಹುಕ್ರಪ್ಪನನ್ನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದ. ಜಿತೇಶ್ ಹುಕ್ರಪ್ಪನ ಎದುರು ನಿಂತಿದ್ದ, ಸುತ್ತ ಇಪ್ಪತ್ತು ಜನ.

"ಯಾರು ಹೇಳಿದ್ದು ನಿಮಗೆ ಅಲ್ಲಿಗೆ ನೀರು ಬಿಡ್ಲಿಕ್ಕೆ?"

"ನೀವೇ ಹೇಳಿ ಕಳಿಸಿದ್ದಲ್ವಾ?"

"ನಾನಾ? ಯಾರ ಹತ್ತಿರ?"

ಹುಕ್ರಪ್ಪ ತಿರುಗಿ ಶೋಧನ್‌ನನ್ನು ನೋಡಿದ. ನೋಡುತ್ತಲೇ ನಿಂತ. ಶೋಧನ್ ಬಗ್ಗಿ ಬೂಟಿನ ಪಟ್ಟಿ ಬಿಚ್ಚತೊಡಗಿದ. ಎಡಗಾಲಿನದು ಬಿಚ್ಚಿದ, ಬಲಗಾಲಿನದೂ ಬಿಚ್ಚಿದ. ಯಾರೋ ಹಿಂದಿನಿಂದ, "ಬೆಳಿಗ್ಗೆಯೇ ಹಾಕ್ಕೊಂಡಿರ್ಬೇಕು" ಎಂದರು. ನಾಲ್ಕು ಜನ ನಕ್ಕರು.

"ಕುಡಿದು ಕೆಲಸಕ್ಕೆ ಬರುದಾ?" ಜಿತೇಶ್ ಕೂಗಿದ. "ಒಬ್ಬನ ಜೀವ ಹೋಗ್ತಿತ್ತು. ಪೈಪ್ ಅಲ್ಲಿ ಬಿಸಾಡಿ ಹೋಗಿ. ಇನ್ನು ಯಾವ ಟ್ರ್ಯಾಕಿಗೂ ಬರುದು ಬೇಡ."

ಹುಕ್ರಪ್ಪ ಪೈಪನ್ನು ಬಿಸಾಡಲಿಲ್ಲ. ಅಷ್ಟುದ್ದಕ್ಕೂ ಸುರುಳಿ ಸುತ್ತಿ ಪಂಪಿನ ಹತ್ತಿರ ಇಟ್ಟು, ಕಾಲು ತೊಳೆದು, ಗದ್ದೆ ದಾಟಿ ಹೋದ. ಅವನು ರಸ್ತೆ ಮುಟ್ಟುವ ಹೊತ್ತಿಗೆ ಮೈಕಿನಲ್ಲಿ ಶೋಧನ್‌ನ ಹೆಸರು ಕರೆದರು. ಮೂರನೇ ಬಹುಮಾನದ ಕಪ್ ಹಿಡಿದುಕೊಂಡು ಅವನು ಫೋಟೋಕ್ಕೆ ನಿಂತ. ಸಂಜೆ ಅಝೀಮನ ಟೆಂಪೋವನ್ನು ತಾನೇ ಓಡಿಸಿಕೊಂಡು ಎರಡೂ ಬೈಕುಗಳೊಂದಿಗೆ ಮನೆಗೆ ಬಂದ. ಸುರಕ್ಷಾ ಕಪ್ಪನ್ನು ಟಿವಿಯ ಪಕ್ಕ ಇಟ್ಟಳು. ಅವನು ಅದನ್ನು ತೆಗೆದು ಮಂಚದ ಅಡಿಗೆ ತಳ್ಳಿದಾಗ, "ಎಂತಾಯ್ತು?" ಎಂದಳು. "ಎಂತ ಇಲ್ಲ" ಎಂದ. ರೈಡರುಗಳ ವಾಟ್ಸಾಪ್ ಗುಂಪಿನಲ್ಲಿ ಕುಡಿದು ನೀರು ಬಿಟ್ಟ ಮುದುಕನ ಸುದ್ದಿ ಆಗಲೇ ಬಂದಿತ್ತು. ಕೆಳಗೆ ನಗುವ ಮುಖಗಳ ಸಾಲು.

ಸೋಮವಾರ ರಬ್ಬರ್ ಟ್ಯಾಪಿಂಗ್ ಮುಗಿಸಿ, ಟೆಂಪೋ ಮುಟ್ಟಿಸಿ ಬರುತ್ತೇನೆಂದು ಹೇಳಿ ಹೊರಟವನು ಮೊದಲು ಮೂಡುಬಿದಿರೆಗೆ ಹೋದ. ಹುಕ್ರಪ್ಪನ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಜಗಲಿಯಲ್ಲಿ ಅವನ ಹೆಂಡತಿ ಸೇಸಮ್ಮ ಮೊರ ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ರೇಸಿನವನು ಎಂದು ತಿಳಿದ ಕೂಡಲೇ ಕೈ ನಿಲ್ಲಿಸದೆಯೇ ಹೇಳಿದಳು:

"ಇವರು ಕುಡಿಯುದು ಬಿಟ್ಟು ಹನ್ನೊಂದು ವರ್ಷ ಆಯ್ತು. ಹೇಗೆ ಬಿಟ್ಟದ್ದು ಅಂತ ನನಗೆ ಗೊತ್ತುಂಟು. ನಿನ್ನೆ ಅಳಿಯ ಫೋನ್ ಮಾಡಿ ಕೇಳ್ತಾನೆ, ಮಾವ ಪುನಃ ಶುರು ಮಾಡಿದ್ರಾ ಅಂತ. ಅವನ ಮೊಬೈಲಿಗೂ ಬಂದಿದೆಯಂತೆ."

ಹುಕ್ರಪ್ಪ ಒಳಗಿನಿಂದ ಬಂದ. ಕೂರಲು ಹೇಳಲಿಲ್ಲ.

"ನಾನು ಜಿತೇಶನಿಗೆ ಹೇಳ್ತೇನೆ," ಎಂದ ಶೋಧನ್. "ಈಗಲೇ, ನಿಮ್ಮ ಎದುರೇ."

ಫೋನಿನ ಸ್ಪೀಕರ್ ಹಾಕಿದ. ಜಿತೇಶ್ ಅಂಗಡಿಯಲ್ಲಿದ್ದ, ಹಿಂದಿನಿಂದ ಗಾಳಿ ತುಂಬಿಸುವ ಸದ್ದು.

"ಜಿತೇಶ್, ನಿನ್ನೆಯ ನೀರಿನ ವಿಷಯ... ಅದರಲ್ಲಿ ನನ್ನದೂ ಸ್ವಲ್ಪ ತಪ್ಪುಂಟು. ಧೂಳು ಜಾಸ್ತಿ ಅಂತ ನಾನು ಒಂದು ಮಾತು ಹೇಳಿದ್ದೆ."

ಜಿತೇಶ್ ನಕ್ಕ. "ನಿನ್ನ ಮನಸ್ಸು ನನಗೆ ಗೊತ್ತಿಲ್ವಾ ಮಾರಾಯ? ಮುದುಕನನ್ನು ಕಂಡು ಪಾಪ ಅನ್ನಿಸಿತು, ಅಲ್ವಾ? ಧೂಳು ಅಂತ ಎಲ್ಲರೂ ಹೇಳ್ತಾರೆ, ಅದಕ್ಕೆ ಹೊಳೆ ಹರಿಸುದಾ? ನೀನು ಮೈಮೇಲೆ ಹಾಕ್ಕೊಳ್ಬೇಡ."

"ಹಾಗಲ್ಲ..."

"ಬಿಡು ಬಿಡು. ನಿನ್ನ ಹಾಗಿನವರು ಬೇಕು ನಮ್ಮ ಗುಂಪಿಗೆ. ಅಂಗಡಿಯಲ್ಲಿ ಗಿರಾಕಿ ಇದ್ದಾರೆ, ಮತ್ತೆ ಮಾತಾಡುವ."

ಕರೆ ಕಡಿಯಿತು. ಹೇಳಿಯಾಯಿತು, ಅವನು ನಂಬದಿದ್ದರೆ ತಾನೇನು ಮಾಡುವುದು ಎಂದು ಒಂದು ಕ್ಷಣ ಎದೆ ಹಗುರಾಯಿತು. ಆ ಹಗುರವನ್ನು ಹುಕ್ರಪ್ಪ ಕಂಡುಬಿಟ್ಟ ಎಂಬುದು ಶೋಧನ್‌ಗೆ ಗೊತ್ತಾಯಿತು.

"ಅವರ ಹೆಸರು ಹಿಡಿದು ಸುಳ್ಳು ಹೇಳಿದ್ದನ್ನು ನೀವು ಹೇಳ್ಲೇ ಇಲ್ಲ," ಎಂದ ಹುಕ್ರಪ್ಪ.

ಶೋಧನ್‌ಗೆ ತಲೆ ಎತ್ತಲಾಗಲಿಲ್ಲ. "ನಿನ್ನೆ ಅಷ್ಟು ಜನರ ಎದುರು ನೀವಾದ್ರೂ ಯಾಕೆ ಹೇಳ್ಲಿಲ್ಲ ಹುಕ್ರಪ್ಪಣ್ಣ?"

"ನೀವು ಅಲ್ಲೇ ಇದ್ದಿರಲ್ಲ. ನೀವು ಹೇಳ್ತೀರಿ ಅಂತ ನಿಂತೆ."

ಸೇಸಮ್ಮ ಕಟ್ಟಿದ ಬೀಡಿಗಳನ್ನು ಒಟ್ಟು ಮಾಡಿ ನೂಲು ಸುತ್ತಿದಳು. ಅವನು ಟೆಂಪೋ ತಿರುಗಿಸಿಕೊಂಡು ಹೊರಟ.

ಬಿ.ಸಿ.ರೋಡಿನ ಆಸ್ಪತ್ರೆಯಲ್ಲಿ ಅಝೀಮ್ ಹೆಗಲಿನಿಂದ ಎದೆಯವರೆಗೆ ಪಟ್ಟಿ ಕಟ್ಟಿಸಿಕೊಂಡು ದಿಂಬಿಗೆ ಒರಗಿದ್ದ. ಪಕ್ಕದಲ್ಲಿ ಅವನ ಅಕ್ಕ ರಾಫಿಯಾ.

"ಬಂದ ನೋಡು ಮೂರನೆಯವ!" ಎಂದ ಅಝೀಮ್. "ನಾನು ಬೀಳದಿದ್ರೆ ನಾಲ್ಕನೆಯವ ಆಗ್ತಿದ್ದಿ. ಕಪ್ಪಿನಲ್ಲಿ ಅರ್ಧ ನನ್ನದು, ಕಡಿದು ಕೊಡು."

"ನಗಬೇಡ, ಎಲುಬು ಅಲುಗಾಡ್ತದೆ," ಎಂದು ಗದರಿಸಿ ರಾಫಿಯಾ ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಶೋಧನ್‌ಗೆ ಕೊಟ್ಟಳು. "ಕೂತ್ಕೊಳ್ಳಿ. ಎರಡು ತಿಂಗಳು ಸ್ಟೇರಿಂಗ್ ಮುಟ್ಟಬಾರದಂತೆ ಇವನು. ಟೆಂಪೋ ತಂದು ಕೊಟ್ಟದ್ದೇ ಉಪಕಾರ ಆಯ್ತು."

"ಜಿತೇಶ್ ಈಗ ಫೋನ್ ಮಾಡಿದ್ದ," ಎಂದ ಅಝೀಮ್. "ಆ ಕುಡುಕನ ತಪ್ಪನ್ನು ನೀನು ನಿನ್ನ ತಲೆಗೆ ಹಾಕ್ಕೊಂಡಿಯಂತೆ. ನಿನಗೆ ಹುಚ್ಚಾ?"

ಶೋಧನ್ ಕೂರಲಿಲ್ಲ. "ಹುಕ್ರಪ್ಪಣ್ಣ ಕುಡಿದಿರಲಿಲ್ಲ. ಬೇಡ ಅಂತ ಎರಡು ಸಲ ಹೇಳಿದ್ರು. ಜಿತೇಶನೇ ಹೇಳಿದ್ದು ಅಂತ ನಾನು ಸುಳ್ಳು ಹೇಳಿ ನೀರು ಬಿಡಿಸಿದೆ."

ಅಝೀಮನ ಮುಖದಲ್ಲಿ ನಗು ಇನ್ನೂ ಪೂರ್ತಿ ಹೋಗಿರಲಿಲ್ಲ. "ಧೂಳಿಗಾ?"

ಹೌದು ಎಂದರೆ ಮುಗಿಯುತ್ತಿತ್ತು.

"ಅಲ್ಲ. ಒದ್ದೆಯಲ್ಲಿ ನನಗೆ ಆಗ್ತದೆ, ನಿಮಗೆಲ್ಲ ಆಗುದಿಲ್ಲ ಅಂತ ಗೊತ್ತಿತ್ತು. ಬೀಳ್ತಿ ಅಂತ ಎಣಿಸಿರಲಿಲ್ಲ. ನಿಧಾನ ಮಾಡ್ತಿ ಅಂತ ಎಣಿಸಿದ್ದೆ."

"ಯಾವಾಗ ಹೇಳಿದ್ದು ಅವರಿಗೆ? ಶನಿವಾರವಾ?"

"ನಿನ್ನೆ ಮಧ್ಯಾಹ್ನ."

"ನಾವು ಒಂದೇ ಪೊಟ್ಟಣದಿಂದ ಬನ್ಸ್ ತಿಂದೆವಲ್ಲ, ಟೆಂಪೋದ ಹಿಂದೆ ಕೂತು. ಅದರ ಮೊದಲಾ, ನಂತರವಾ?"

"ನಂತರ."

ಅಝೀಮ್ ಗೋಡೆಯ ಕಡೆ ನೋಡಿದ. ರಾಫಿಯಾ ಫ್ಲಾಸ್ಕಿನ ಮುಚ್ಚಳವನ್ನು ನಿಧಾನವಾಗಿ ತಿರುಗಿಸಿ ಹಾಕಿದಳು. ಶೋಧನ್‌ನ ಕೈಯಲ್ಲಿದ್ದ ಚಹಾಕ್ಕೆ ಕೆನೆ ಕಟ್ಟುತ್ತಿತ್ತು. ಕುಡಿಯಲೂ ಆಗದು, ಕೆಳಗಿಡಲೂ ಆಗದು.

"ಗುಂಪಿನಲ್ಲಿ ಹಾಕು," ಎಂದ ಅಝೀಮ್ ಕೊನೆಗೆ. "ನನ್ನ ಹತ್ತಿರ ಈಗ ಹೇಳಿದ ಹಾಗೆಯೇ. ಒಂದೂ ಬಿಡಬಾರದು."

ಶೋಧನ್ ಲೋಟವನ್ನು ಕಿಟಕಿಯ ಮೇಲಿಟ್ಟು ಅಲ್ಲೇ ನಿಂತು ಬರೆದ. ಬರೆದದ್ದನ್ನು ಅಝೀಮ್ ಓದಿ ನೋಡಿ, ತಾನೇ ಹೆಬ್ಬೆರಳೊತ್ತಿ ಕಳಿಸಿದ. ಆಮೇಲೆ, "ಹುಕ್ರಪ್ಪಣ್ಣನಿಗೆ ಫೋನ್ ಮಾಡು. ನಾನು ಅವರ ಅಪ್ಪ ಅಮ್ಮನನ್ನೂ ಬಿಡದೆ ಬೈದಿದ್ದೇನೆ" ಎಂದ. ಫೋನ್ ಕಿವಿಗಿಟ್ಟು ತುಳುವಿನಲ್ಲಿ ಮಾತಾಡಿದ, ತಪ್ಪಾಯಿತು ಎಂದು ಎರಡು ಸಲ ಹೇಳಿದ. ಅದನ್ನು ಕೇಳುವಾಗ ಶೋಧನ್‌ಗೆ ಹೊಳೆಯಿತು: ಬೆಳಿಗ್ಗೆ ಆ ಜಗಲಿಯಲ್ಲಿ ಅಷ್ಟು ಹೊತ್ತು ನಿಂತಿದ್ದೂ ಆ ಒಂದು ಮಾತನ್ನು ತಾನು ಹೇಳಿರಲಿಲ್ಲ.

ಅಝೀಮ್ ಫೋನನ್ನು ಅವನ ಕಡೆ ಚಾಚಿದ. "ಲೈನಿನಲ್ಲಿದ್ದಾರೆ."

"ಹುಕ್ರಪ್ಪಣ್ಣ, ನಾನು ಶೋಧನ್. ನನ್ನಿಂದ ತಪ್ಪಾಯಿತು."

"ಆಯ್ತು," ಎಂದ ಹುಕ್ರಪ್ಪ. "ನಮ್ಮ ಅಳಿಯನ ನಂಬರ್ ಕಳಿಸ್ತೇನೆ. ಅವನಿಗೂ ಹೇಳಿ."

"ಹೇಳ್ತೇನೆ."

ಶೋಧನ್ ಟೆಂಪೋದ ಕೀಲಿಯನ್ನು ಮಂಚದ ಬದಿಯಲ್ಲಿಟ್ಟ. ಎರಡು ತಿಂಗಳು ಬಾಡಿಗೆಗೆ ಬೇಕಾದರೆ ತಾನು ಓಡಿಸುತ್ತೇನೆ ಎಂದು ಹೇಳಲು ಬಾಯಿ ತೆರೆದ. ಅಝೀಮ್ ಕಣ್ಣು ಮುಚ್ಚಿಕೊಂಡಿದ್ದ, ನಿದ್ದೆಯಿಂದಲ್ಲ.

"ಹೋಗು ಮಾರಾಯ," ಎಂದ. "ಬಾಗಿಲು ಎಳ್ಕೊಂಡು ಹೋಗು."